ನುಡಿಯೇ ಸಾಕ್ಷಿ, ನುಡಿಯೇ ತೀರ್ಪು



ನ್ಯಾಯಾಲಯದ ಮೆಟ್ಟಿಲು ಹತ್ತಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಹೊಲದ ಬದುವಿಗಾಗಿ, ಬಂಡಿ ದಾರಿಗಾಗಿ, ಅಣ್ಣತಮ್ಮಂದಿರ ಪಾಲಿಗಾಗಿ ಅಲೆದವರು ಒಂದು ಸಂಗತಿಯನ್ನು ಬಲ್ಲಿರಿ. ಎದುರಾಳಿಯ ಸಾಕ್ಷಿ ಎಷ್ಟೇ ಬಲವಾಗಿದ್ದರೂ ಜಾಣ ವಕೀಲರು ಅದನ್ನು ಹೇಗಾದರೂ ಅಲುಗಾಡಿಸಬಲ್ಲರು. ಆದರೆ ನಾವೇ ಹಿಂದೊಮ್ಮೆ ಹೇಳಿ, ಕೆಳಗೆ ರುಜು ಹಾಕಿದ ಮಾತು ಎದುರಿಗೆ ಬಂದು ನಿಂತಿತೆಂದರೆ ಯಾವ ವಕೀಲರೂ ನಮ್ಮನ್ನು ಕಾಪಾಡಲಾರರು. ಬೇರೆಯವರ ಮಾತನ್ನು ಸುಳ್ಳೆನ್ನಬಹುದು. ನಮ್ಮ ಮಾತನ್ನು ನಾವು ಏನೆನ್ನೋಣ?

ಲೋಕದ ನ್ಯಾಯಾಲಯದಲ್ಲಿ ಕಾಣುವ ಈ ಸತ್ಯವನ್ನು ನಮ್ಮ ಹಿರಿಯರು ಧರ್ಮದ ಗ್ರಂಥಗಳಲ್ಲಿ ಬಹು ಹಿಂದೆಯೇ ಬರೆದಿಟ್ಟಿದ್ದಾರೆ. ಮನುಷ್ಯನ ಕುಲವನ್ನೂ ಕೊರತೆಯನ್ನೂ ಬಯಲು ಮಾಡುವುದು ಅವನ ನುಡಿ. ಅವನಿಗೆ ತೀರ್ಪು ಕೊಡುವುದೂ ಅವನ ನುಡಿಯೇ. ಈ ದಿನ ಆ ವಿಚಾರವಾಗಿ ನಾಲ್ಕು ಮಾತುಗಳನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇವೆ.

ನಾವು ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದ ಕಾಲದಲ್ಲಿ ಗುರುಗಳು ಪತಂಜಲಿ ಮಹರ್ಷಿಗಳ ಮಹಾಭಾಷ್ಯದ ಮೊದಲ ಆಹ್ನಿಕವನ್ನು ಪಾಠ ಹೇಳುತ್ತ ಒಂದು ಕಥೆಯನ್ನು ವಿವರಿಸುತ್ತಿದ್ದರು. ಅದು ತೈತ್ತಿರೀಯ ಸಂಹಿತೆಯಲ್ಲಿಯೂ ಬರುವ ಕಥೆ. ತ್ವಷ್ಟೃವಿನ ಮಗ ವಿಶ್ವರೂಪನನ್ನು ಇಂದ್ರ ಕೊಂದನು. ಮಗನನ್ನು ಕಳೆದುಕೊಂಡ ತಂದೆ ಸಿಟ್ಟಿನಿಂದ ಹೋಮ ಮಾಡಿ, ಇಂದ್ರನನ್ನು ಕೊಲ್ಲುವವನೊಬ್ಬನು ಹುಟ್ಟಿ ಬೆಳೆಯಲೆಂದು ಆಹುತಿ ಕೊಟ್ಟನು. ಅವನು ಬಳಸಿದ ಪದ ‘ಇಂದ್ರಶತ್ರು’. ಈ ಸಮಾಸದ ಕೊನೆಯಲ್ಲಿ ಉದಾತ್ತ ಸ್ವರ ಬಂದರೆ ‘ಇಂದ್ರನನ್ನು ಕೊಲ್ಲುವವನು’ ಎಂದರ್ಥ. ಮೊದಲಲ್ಲಿ ಬಂದರೆ ‘ಇಂದ್ರನೇ ಯಾರನ್ನು ಕೊಲ್ಲುವನೋ ಅವನು’ ಎಂದರ್ಥ. ತ್ವಷ್ಟೃ ಸ್ವರ ತಪ್ಪಿದನು. ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲಿಯೇ ಸತ್ತನು. ಬೇಡಿದವನ ಬಾಯಿಂದ ಬಂದ ಮಾತೇ ಬೇಡಿದವನ ಮೇಲೆ ತಿರುಗಿ ಬಿದ್ದಿತು.

ಆಗ ನಾವು ಹುಡುಗರು. ಸ್ವರ ತಪ್ಪಬಾರದು, ಉಚ್ಚಾರ ಕೆಡಬಾರದು ಎಂಬಷ್ಟೇ ಅದರ ಪಾಠವೆಂದು ತಿಳಿದಿದ್ದೆವು. ಗುರುಗಳ ಬೆತ್ತವೂ ಅಷ್ಟನ್ನೇ ಕಲಿಸುತ್ತಿತ್ತು! ವಯಸ್ಸಾದ ಮೇಲೆ ಆ ಕಥೆಯಲ್ಲಿ ಇನ್ನೊಂದು ಅರ್ಥ ಹೊಳೆಯಿತು. ಅಕ್ಷರಗಳೆಲ್ಲ ಸರಿಯಾಗಿದ್ದವು, ಪದವೂ ಸರಿಯಾಗಿತ್ತು. ಒಳಗಿನ ಆಶಯ ಒಂದು, ಹೊರಗೆ ಬಂದ ಧ್ವನಿ ಇನ್ನೊಂದು. ಮನಸ್ಸಿಗೂ ಮಾತಿಗೂ ನಡುವೆ ಕೂದಲೆಳೆಯಷ್ಟು ಅಂತರ ಬಿದ್ದರೂ ಆ ಸಂದಿನಲ್ಲಿ ವಿನಾಶ ನುಸುಳಿ ಬರುತ್ತದೆ.

ಉಪನಿಷತ್ತುಗಳಿಗೆ ಬರೋಣ. ಬೃಹದಾರಣ್ಯಕದಲ್ಲಿ ಗಾರ್ಗ್ಯ ಬಾಲಾಕಿ ಎಂಬ ವಿದ್ವಾಂಸನಿದ್ದಾನೆ. ಅವನು ಕಾಶಿಯ ದೊರೆ ಅಜಾತಶತ್ರುವಿನ ಬಳಿಗೆ ಹೋಗಿ, ತಾನು ಬ್ರಹ್ಮವನ್ನು ಬೋಧಿಸುವೆನೆಂದನು. ದೊರೆ ಎಷ್ಟು ಸಂತೋಷಪಟ್ಟನೆಂದರೆ ಆ ಒಂದು ಮಾತಿಗೇ ಸಾವಿರ ಹಸುಗಳನ್ನು ಕೊಡುವೆನೆಂದನು. ಬಾಲಾಕಿ ಹೇಳತೊಡಗಿದನು: ಸೂರ್ಯನಲ್ಲಿರುವ ಪುರುಷ, ಚಂದ್ರನಲ್ಲಿರುವ ಪುರುಷ, ಮಿಂಚಿನಲ್ಲಿರುವ ಪುರುಷ, ಹೀಗೆ ಒಂದರ ಮೇಲೊಂದು. ಪ್ರತಿಯೊಂದಕ್ಕೂ ದೊರೆ, ಅದು ನನಗೆ ತಿಳಿದಿದೆ, ಅದು ಪೂರ್ಣವಲ್ಲ ಎಂದು ತೋರಿಸಿಕೊಟ್ಟನು. ಕೊನೆಗೆ ಬಾಲಾಕಿಯ ಬಾಯಿ ಕಟ್ಟಿತು. ಬೋಧಿಸಲು ಬಂದವನು ಶಿಷ್ಯನಾಗಿ ಕೈಮುಗಿದನು. ಅವನನ್ನು ಯಾರೂ ಹೀಗಳೆಯಲಿಲ್ಲ. ತಾನಾಡಿದ ದೊಡ್ಡ ಮಾತೇ ಅವನ ಒಳಗೆ ಎಷ್ಟು ಜಾಗ ಬರಿದಾಗಿದೆ ಎಂಬುದನ್ನು ಅಳೆದು ತೋರಿಸಿತು.

ಇದಕ್ಕೆ ಎದುರಾಗಿ ಛಾಂದೋಗ್ಯದ ಸತ್ಯಕಾಮನನ್ನು ನೋಡಿರಿ. ಹುಡುಗನಿಗೆ ಓದುವ ಆಸೆ. ಗುರು ಗೋತ್ರ ಕೇಳಿದರೆ ಏನು ಹೇಳಬೇಕೆಂದು ತಾಯಿ ಜಬಾಲೆಯನ್ನು ಕೇಳಿದನು. ಆ ತಾಯಿ, ಮಗನೇ, ನಾನು ಪ್ರಾಯದಲ್ಲಿ ಹಲವೆಡೆ ಸೇವೆ ಮಾಡಿಕೊಂಡಿದ್ದಾಗ ನಿನ್ನನ್ನು ಪಡೆದೆ. ನಿನ್ನ ಗೋತ್ರ ನನಗೆ ತಿಳಿಯದು. ಜಬಾಲೆಯ ಮಗ ಸತ್ಯಕಾಮನೆಂದು ಹೇಳು ಎಂದಳು. ಹುಡುಗ ಹಾರಿದ್ರುಮತ ಗೌತಮನ ಮುಂದೆ ನಿಂತು ಇದ್ದದ್ದನ್ನು ಇದ್ದಂತೆಯೇ ಹೇಳಿದನು. ಗೋತ್ರವಿಲ್ಲದವನೆಂದು ಗುರು ಹೊರಗೆ ಕಳುಹಿಸಲಿಲ್ಲ. ನೀನು ಸತ್ಯವನ್ನು ಬಿಟ್ಟು ಸರಿಯಲಿಲ್ಲ, ಸಮಿತ್ತು ತಾ ಎಂದನು. ಸುಳ್ಳು ಹೇಳಿದ್ದರೆ ಸಿಗಬಹುದಾಗಿದ್ದ ಕುಲಕ್ಕಿಂತ ದೊಡ್ಡ ಕುಲವನ್ನು ಆ ಒಂದು ನಿಜದ ಮಾತು ಅವನಿಗೆ ದೊರಕಿಸಿಕೊಟ್ಟಿತು. ಬಾಲಾಕಿಯ ನುಡಿ ಅವನ ಕೊರತೆಯನ್ನು ಬಯಲು ಮಾಡಿತು. ಸತ್ಯಕಾಮನ ನುಡಿ ಅವನ ಹಿರಿಮೆಯನ್ನು ಬಯಲು ಮಾಡಿತು. ನುಡಿಗೆ ಪಕ್ಷಪಾತವಿಲ್ಲ.

ಅರ್ಧ ಸತ್ಯದ ಗತಿ ಏನು? ಮಹಾಭಾರತದ ದ್ರೋಣಪರ್ವವನ್ನು ನೀವೆಲ್ಲರೂ ಕೇಳಿದ್ದೀರಿ. ಅಶ್ವತ್ಥಾಮನೆಂಬ ಆನೆ ಸತ್ತಿತ್ತು. ದ್ರೋಣರು ನಂಬುವುದು ಧರ್ಮರಾಯನೊಬ್ಬನನ್ನೇ ಎಂದು ತಿಳಿದು ಅವನ ಬಾಯಿಂದಲೇ ಆ ಮಾತನ್ನು ಆಡಿಸಿದರು. ಅವನು ಅಶ್ವತ್ಥಾಮ ಸತ್ತನೆಂಬುದನ್ನು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಕೇಳಿಸದಂತೆ ನುಡಿದನು. ಅದುವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣವೇ ನೆಲಕ್ಕೆ ತಾಗಿತು. ಅಷ್ಟಕ್ಕೇ ಮುಗಿಯಲಿಲ್ಲ. ಸ್ವರ್ಗಾರೋಹಣ ಪರ್ವದಲ್ಲಿ ಅದೇ ಮಾತಿಗಾಗಿ ಅವನು ನರಕವನ್ನು ಕಣ್ಣಾರೆ ಕಾಣಬೇಕಾಯಿತು. ಲೋಕಕ್ಕೆ ಕೇಳಿಸದಂತೆ ತಗ್ಗಿಸಿ ಹೇಳಿದ ಮಾತು ಧರ್ಮದ ಕಿವಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸಿತ್ತು.

ಈ ವಿಚಾರ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಯೆಹೂದ್ಯರೂ ಕ್ರೈಸ್ತರೂ ಪೂಜ್ಯವೆಂದು ಓದುವ ಗ್ರಂಥದಲ್ಲಿ ದಾವೀದನೆಂಬ ಅರಸನ ಕಥೆಯಿದೆ. ಅವನು ತನ್ನ ಸೈನಿಕನೊಬ್ಬನ ಹೆಂಡತಿಯನ್ನು ಬಯಸಿ, ಆ ಸೈನಿಕನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಸಾಯಿಸಿದನು. ನಾತಾನನೆಂಬ ಪ್ರವಾದಿ ಅರಸನ ಬಳಿಗೆ ಬಂದು ಒಂದು ದೂರು ಹೇಳಿದನು. ಒಂದೂರಿನಲ್ಲಿ ಒಬ್ಬ ಸಿರಿವಂತ, ಒಬ್ಬ ಬಡವ. ಸಿರಿವಂತನಿಗೆ ಹಿಂಡುಗಟ್ಟಲೆ ಕುರಿ; ಬಡವನಿಗೆ ಮಗಳಂತೆ ಸಾಕಿದ ಒಂದೇ ಒಂದು ಹೆಣ್ಣುಮರಿ. ಮನೆಗೆ ನೆಂಟ ಬಂದಾಗ ಸಿರಿವಂತ ತನ್ನ ಹಿಂಡನ್ನು ಮುಟ್ಟದೆ ಬಡವನ ಮರಿಯನ್ನು ಕಿತ್ತು ತಂದು ಕೊಯ್ದನು. ಕೇಳಿದ ಅರಸನಿಗೆ ಕೋಪ ಉಕ್ಕಿತು. ಅಂಥವನು ಸಾಯತಕ್ಕವನೆಂದು ತೀರ್ಪು ಕೊಟ್ಟನು. ಆಗ ನಾತಾನನು, ಆ ಮನುಷ್ಯ ನೀನೇ ಎಂದನು. ಅರಸನ ಬಾಯಿಂದಲೇ ಅರಸನಿಗೆ ತೀರ್ಪು ಬಂದಾಗಿತ್ತು. ಪ್ರವಾದಿ ಕನ್ನಡಿ ಹಿಡಿದನು, ಅಷ್ಟೇ. ದಾವೀದನ ಹಿರಿಮೆ ಎಲ್ಲಿದೆಯೆಂದರೆ, ಕನ್ನಡಿ ಹಿಡಿದವನ ಕೈ ಕಡಿಸದೆ, ತಾನು ಪಾಪ ಮಾಡಿದೆನೆಂದು ಒಪ್ಪಿಕೊಂಡದ್ದರಲ್ಲಿ.

ಈಗ ಕಲ್ಯಾಣಕ್ಕೆ ಬರೋಣ. ಇದುವರೆಗೆ ಹೇಳಿದ ಕಥೆಗಳಲ್ಲೆಲ್ಲ ಮನುಷ್ಯ ತನಗೆ ಗೊತ್ತಿಲ್ಲದೆ ತನ್ನ ಮಾತಿನ ಬಲೆಗೆ ಬಿದ್ದಿದ್ದಾನೆ, ಇಲ್ಲವೆ ಬೇರೊಬ್ಬರ ಮುಂದೆ ಪರೀಕ್ಷೆಗೆ ನಿಂತಿದ್ದಾನೆ. ಹನ್ನೆರಡನೆಯ ಶತಮಾನದ ಶರಣರಾದರೋ ತಾವೇ ಬುದ್ಧಿಪೂರ್ವಕವಾಗಿ ತಮ್ಮ ನುಡಿಯನ್ನು ನ್ಯಾಯದ ಕಟಕಟೆಯಲ್ಲಿ ನಿಲ್ಲಿಸಿದರು. ಅವರು ಆಡಿದ್ದಕ್ಕೆ ಹೆಸರೇ ವಚನ. ವಚನವೆಂದರೆ ಮಾತು, ವಚನವೆಂದರೆ ಕೊಟ್ಟ ಭಾಷೆ. ‘ವಚನ ಕೊಟ್ಟಿದ್ದೇನೆ’ ಎಂದು ನಾವು ಇಂದಿಗೂ ಹೇಳುವುದಿಲ್ಲವೆ?

ಆ ವಚನಗಳ ಕೊನೆಯಲ್ಲಿ ಅಂಕಿತವಿರುತ್ತದೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ಇದನ್ನು ಕವಿಗಳ ಹೆಸರಿನ ಗುರುತೆಂದು ವಿದ್ವಾಂಸರು ಹೇಳುತ್ತಾರೆ. ಅದು ನಿಜ. ಆದರೆ ಅದಕ್ಕಿಂತ ಹೆಚ್ಚಿನದೊಂದು ಅಲ್ಲಿದೆ. ಹೇಳಿಕೆಯ ಕೆಳಗೆ ನಾವು ನಮ್ಮ ಹೆಸರನ್ನು ರುಜು ಮಾಡುತ್ತೇವೆ. ಶರಣರು ದೇವರ ಹೆಸರನ್ನಿಟ್ಟರು. ಈ ಮಾತಿಗೆ ನೀನೇ ಸಾಕ್ಷಿ, ನಾನು ತಪ್ಪಿದರೆ ನೀನೇ ಕೇಳು ಎಂದಂತೆ. ಅಂಥ ಸಾಕ್ಷಿಯನ್ನು ಮುಂದಿಟ್ಟುಕೊಂಡ ಮೇಲೆ ಬಡಾಯಿಗೆ ಎಡೆಯೆಲ್ಲಿ? ಆದ್ದರಿಂದಲೇ ಭಂಡಾರದ ಅಧಿಕಾರವನ್ನು ಹೊತ್ತಿದ್ದ ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು, ಭಕ್ತಿಯ ಕೊರತೆಯನ್ನು ನಾಚದೆ ಹೇಳಿಕೊಂಡಿದ್ದಾರೆ. ಮಾತು ಹೇಗಿರಬೇಕೆಂದು ಅವರು ಹೇಳಿದ ವಚನ ನಿಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಅದರ ಸೊಗಸಾದ ಹೋಲಿಕೆಗಳನ್ನು ನಾವು ರಾಗವಾಗಿ ಹಾಡುತ್ತೇವೆ. ನುಡಿಗೆ ನಡೆ ಹೊಂದದಿದ್ದರೆ ದೇವನ ಒಲವಿಲ್ಲವೆಂಬ ಅದರ ಕೊನೆಯ ತೀರ್ಪನ್ನು ಮಾತ್ರ ಬೇಗ ಮುಗಿಸಿಬಿಡುತ್ತೇವೆ.

ಕಲ್ಯಾಣದಲ್ಲಿ ಈ ನ್ಯಾಯ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಆಯ್ದಕ್ಕಿ ಮಾರಯ್ಯನವರ ಪ್ರಸಂಗವೊಂದೇ ಸಾಕು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕಲ್ಯಾಣಕ್ಕೆ ಬಂದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹ ಮಾಡುವುದು ಅವರ ಕಾಯಕ. ಕಾಯಕವೇ ಕೈಲಾಸವೆಂದು ನಾವು ಗೋಡೆ ಗೋಡೆಗಳ ಮೇಲೆ ಬರೆಸಿದ್ದೇವಲ್ಲ, ಆ ನುಡಿ ಬರುವುದು ಈ ಬಡ ಮಾರಯ್ಯನವರ ವಚನದಲ್ಲಿ. ಅಂಥ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಬೇರೆ ಮನೆಯಾಗಿದ್ದರೆ ಹೆಂಡತಿ ಸಂತೋಷಪಡುತ್ತಿದ್ದಳು. ಲಕ್ಕಮ್ಮನವರು ಅಕ್ಕಿಯನ್ನು ನೋಡಿದರು, ಗಂಡನ ಮುಖ ನೋಡಿದರು. ಈ ಹೆಚ್ಚಿನದು ಎಲ್ಲಿಂದ ಬಂತು, ಆಸೆ ಎಂಬುದು ಅರಸರಿಗೆ ಸರಿ, ಭಕ್ತನಿಗೇಕೆ ಎಂಬ ಅರ್ಥದ ಮಾತುಗಳನ್ನಾಡಿ, ತಂದಲ್ಲಿಯೇ ಸುರಿದು ಬನ್ನಿ ಎಂದರು. ಮಾರಯ್ಯನವರು ಎದುರು ಮಾತಾಡಲಿಲ್ಲ. ಹೋಗಿ ಸುರಿದು ಬಂದರು.

ಅಕ್ಕಿ ಎಷ್ಟಿತ್ತು? ಒಂದೆರಡು ಹಿಡಿ ಹೆಚ್ಚಿದ್ದೀತು. ಅದರಿಂದ ಯಾರ ಕಣಜವೂ ಬರಿದಾಗುತ್ತಿರಲಿಲ್ಲ. ಆದರೆ ಲಕ್ಕಮ್ಮನವರು ಅಳೆದದ್ದು ಅಕ್ಕಿಯನ್ನಲ್ಲ, ನುಡಿಯನ್ನು. ಕಾಯಕವೇ ಕೈಲಾಸವೆಂದವನಿಗೆ ನಾಳೆಯ ಚಿಂತೆ ಏಕೆ? ಗಂಡನ ಮೇಲೆ ಗಂಡನ ಮಾತನ್ನೇ ಸಾಕ್ಷಿಗೆ ಕರೆದರು. ಅಲ್ಲಿ ತೀರ್ಪು ಕೊಟ್ಟವರು ಹೆಂಡತಿ, ತಲೆಬಾಗಿದವರು ಗಂಡ. ಇಬ್ಬರೂ ದೊಡ್ಡವರಾದರು. ಅದನ್ನು ಅಡಗಿಸಿಡದೆ ಶೂನ್ಯಸಂಪಾದನೆ ಆದರದಿಂದ ದಾಖಲಿಸಿತು.

ಇನ್ನು ಕೆಲವರಿಗೆ ನುಡಿಯ ಬೆಲೆ ಅಕ್ಕಿಯಲ್ಲಿ ತೀರಲಿಲ್ಲ, ರಕ್ತದಲ್ಲಿ ತೀರಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣರಾದ ಮಧುವರಸರ ಮಗಳಿಗೂ ಮದುವೆಯಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಕುಲವಿಲ್ಲವೆಂದು ವಚನದಲ್ಲಿ ಹೇಳುವುದು ಒಂದು, ಮಗಳನ್ನು ಕೊಡುವುದು ಇನ್ನೊಂದು. ಅವರು ಆಡಿದ್ದನ್ನು ಮಾಡಿದರು. ಕಳಚೂರಿ ಬಿಜ್ಜಳನ ಆಳ್ವಿಕೆ ಆ ಇಬ್ಬರು ತಂದೆಯರಿಗೆ ಘೋರ ಶಿಕ್ಷೆ ವಿಧಿಸಿತು. 1167ರ ಸುಮಾರಿಗೆ ಬಿಜ್ಜಳನ ಕಾಲವೂ ಮುಗಿಯಿತು, ಶರಣರೂ ಚದುರಿದರು. ಆ ಮದುವೆ ನಡೆಯದಿದ್ದರೆ ಶರಣರ ಪ್ರಾಣ ಉಳಿಯುತ್ತಿತ್ತೇನೋ. ಶರಣರ ನುಡಿ ಸಾಯುತ್ತಿತ್ತು.

ಚದುರಿದವರು ಓಲೆಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೂ ಬೇರೆ ಬೇರೆ ದಿಕ್ಕಿಗೂ ಹೋದರೆಂಬುದು ಪ್ರತೀತಿ. ಮುಂದೆ ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ (1424–1446) ಕಾಲದ ಆಸುಪಾಸಿನಲ್ಲಿ, ವಿರಕ್ತರು ಆ ವಚನಗಳನ್ನು ಮತ್ತೆ ಕೂಡಿಸುವ ಕೆಲಸಕ್ಕೆ ಕೈಹಾಕಿದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲ ಶೂನ್ಯಸಂಪಾದನೆಯನ್ನು ಸಂಕಲಿಸಿದರು. ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗರು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಸಾಕ್ಷಿಗಳ ಹೇಳಿಕೆಗಳನ್ನು ಇಷ್ಟು ಎಚ್ಚರದಿಂದ ಕಾಪಾಡಿದ ಆ ಮಹಾನುಭಾವರಿಗೆ ನಾವು ಎಂದೆಂದೂ ಋಣಿಗಳು.

ಆಮೇಲೆ ಏನಾಯಿತು? ಮನಸ್ಸಿಗೆ ನೋವಾದರೂ ಹೇಳಬೇಕು. ಎಷ್ಟೋ ಮನೆಗಳಲ್ಲಿ, ಎಷ್ಟೋ ಮಠಗಳಲ್ಲಿಯೂ, ಆ ಓಲೆಯ ಕಟ್ಟುಗಳಿಗೆ ವಸ್ತ್ರ ಸುತ್ತಿ, ವಿಭೂತಿ ಹಚ್ಚಿ, ಹೂವೇರಿಸಿ ಜಗುಲಿಯ ಮೇಲಿಟ್ಟರು. ಪೂಜೆ ನಡೆಯಿತು, ಓದು ನಿಂತಿತು. ಬಟ್ಟೆಯಲ್ಲಿ ಕಟ್ಟಿಟ್ಟ ಸಾಕ್ಷಿ ಬಾಯಿ ಬಿಡುವುದು ಹೇಗೆ? ಸಾಕ್ಷಿ ಬಾಯಿ ಬಿಡದಿದ್ದರೆ ಎಲ್ಲರಿಗೂ ನೆಮ್ಮದಿ. ಬಿಟ್ಟ ಕುಲದ ಹಮ್ಮು ಮತ್ತೆ ಬಂತು, ಒಳಪಂಗಡಗಳ ಮೇಲುಕೀಳು ಬಂತು; ಕಟ್ಟು ಮಾತ್ರ ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಕುಳಿತಿತ್ತು.

ಆ ಕಟ್ಟನ್ನು ಬಿಚ್ಚಿದವರಲ್ಲಿ ಅಗ್ರಗಣ್ಯರು ಫ. ಗು. ಹಳಕಟ್ಟಿಯವರು (1880–1964). ಅವರು ವಿಜಾಪುರದಲ್ಲಿ ವಕೀಲರಾಗಿದ್ದರು. ಸಾಕ್ಷಿಯ ಬೆಲೆಯನ್ನು ವಕೀಲರಿಗೆ ಹೇಳಿಕೊಡಬೇಕೆ? ಊರೂರು ತಿರುಗಿ ಓಲೆಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ತೆಗೆದರು. ಬಂದ ಸಂಪಾದನೆಯನ್ನೆಲ್ಲ ಅದಕ್ಕೇ ಸುರಿದರು. ಅವರ ತರುವಾಯವೂ ಆ ಕೆಲಸ ನಿಲ್ಲಲಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಜನರ ಕೈಗಿತ್ತಿತು. ಇಂದು ಯಾವ ಭಕ್ತನೂ ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ, ಯಾವ ಸ್ವಾಮಿಯೂ ಎನ್ನುವ ಹಾಗಿಲ್ಲ. ಸಾಕ್ಷಿ ಬಾಯಿ ಬಿಟ್ಟಿದೆ.

ಸ್ವಾಮಿಯೂ ಎಂದೆವಲ್ಲ, ಆ ಮಾತಿಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದೂರಿನ ಧರ್ಮಸಭೆಗೆ ಹೋಗಿದ್ದೆವು. ಹರಳಯ್ಯ, ಮಧುವರಸರ ಪ್ರಸಂಗವನ್ನೇ ಒಂದು ಗಂಟೆ ಹೇಳಿದೆವು. ಜನ ಕಣ್ಣೀರು ಹಾಕಿದರು. ನಮಗೂ ಚೆನ್ನಾಗಿ ಹೇಳಿದೆವೆಂಬ ಸಮಾಧಾನ. ಮರುದಿನ ಪ್ರಸಾದದ ಹೊತ್ತಿಗೆ ನೋಡಿದರೆ, ಚಪ್ಪರದೊಳಗೆ ಪಂಕ್ತಿ ಕುಳಿತಿದೆ. ಅಂಗಳ ಗುಡಿಸಿ ಎಲೆ ಎತ್ತುವ ಮುದುಕಿಯೊಬ್ಬಳಿಗೆ ಚಪ್ಪರದ ಹೊರಗೆ, ಹುಣಸೆಮರದ ಕೆಳಗೆ ಬೇರೆ ಎಲೆ ಹಾಕಿದ್ದಾರೆ. ನಾವು ಕಂಡೆವು. ಊರ ಯಜಮಾನರಿಗೆ ಮುಜುಗರವಾದೀತೆಂದು ಸುಮ್ಮನಿದ್ದೆವು. ಹೊರಡುವಾಗ ಆ ತಾಯಿ ದೂರದಿಂದಲೇ ಕೈಮುಗಿದು, “ಬುದ್ಧೀ, ರಾತ್ರಿ ತಾವು ಹೇಳಿದ್ರಲ್ಲ, ಅದು ಯಾವೂರ ಕತೆ ಬುದ್ಧೀ?” ಎಂದು ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅಂಥದೊಂದು ಊರು ಇದ್ದೀತೆಂದು ನಂಬಿ ಕೇಳಿದಳು. ನಮ್ಮ ಬಾಯಿಂದ ಉತ್ತರ ಬರಲಿಲ್ಲ. ವಾಹನ ಹತ್ತಿದೆವು.

ಕಾಶಿಯ ದೊರೆಯ ಮುಂದೆ ಬಾಲಾಕಿಯ ಬಾಯಿ ಹೇಗೆ ಕಟ್ಟಿತೆಂಬುದು ನಮಗೆ ಅಂದು ಅರ್ಥವಾಯಿತು. ಹಿಂದಿನ ರಾತ್ರಿಯ ನಮ್ಮ ಒಂದು ಗಂಟೆಯ ಮಾತೆಲ್ಲ ಆ ಹುಣಸೆಮರದ ಕೆಳಗೆ ನಮ್ಮ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು. ಮರುವರ್ಷ ಆ ಊರಿನವರು ಕರೆಯಲು ಬಂದಾಗ, ಪಂಕ್ತಿ ಒಂದೇ ಆಗುವುದಾದರೆ ಬರುತ್ತೇವೆ ಎಂದೆವು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಎರಡು ತಿಂಗಳ ಮೇಲೆ ಆಗಲೆಂದು ಹೇಳಿ ಕಳುಹಿಸಿದರು. ಹೋದೆವು. ಆ ತಾಯಿ ಪಂಕ್ತಿಯಲ್ಲಿ ಕುಳಿತಳು. ನಾವು ಅವಳ ಪಕ್ಕದಲ್ಲಿ ಕುಳಿತೆವು. ಒಂದು ದಿನದ ಪಂಕ್ತಿಯಿಂದ ಊರು ಕಲ್ಯಾಣವಾಯಿತೆಂದು ನಾವು ಹೇಳಲಾರೆವು. ಹಾಗೆ ಹೇಳಿದರೆ ಅದೂ ನಮ್ಮ ಮೇಲೆ ಇನ್ನೊಂದು ಸಾಕ್ಷಿಯಾದೀತು. ಹೆಚ್ಚು ತಂದ ಅಕ್ಕಿಯನ್ನು ಸುರಿದು ಬರುವ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟೆವು, ಅಷ್ಟೇ.

ಸದ್ಭಕ್ತರೇ, ನಾವು ಇದನ್ನು ಹೇಳಿದ್ದು ನಿಮ್ಮನ್ನು ಹೆದರಿಸಲೆಂದಲ್ಲ. ಮಾತಾಡಿದರೆ ತಾನೆ ಸಿಕ್ಕಿಬೀಳುವುದು, ವಚನ ಹೇಳುವುದನ್ನೇ ಬಿಟ್ಟರಾಯಿತು ಎಂದು ಯಾರೂ ತಿಳಿಯಬಾರದು. ಕಟ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಡುವುದು ಹೇಡಿಯ ದಾರಿ. ಮಾರಯ್ಯನವರು ದೊಡ್ಡ ಮಾತನ್ನಾಡಿದ್ದರಿಂದಲೇ ಲಕ್ಕಮ್ಮನವರಿಗೆ ಅವರನ್ನು ತಿದ್ದಲು ಸಾಧ್ಯವಾಯಿತು. ನುಡಿಯೇ ಇಲ್ಲದವನನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ನಮ್ಮ ನುಡಿ ನಮಗಿಂತ ಎತ್ತರವಾಗಿರಲಿ. ಆದರೆ ಅದು ನಮ್ಮನ್ನು ಕೇಳುವಾಗ ಕಿವಿ ಮುಚ್ಚಿಕೊಳ್ಳದಿರೋಣ. ಮನೆಯಲ್ಲಿ ಲಕ್ಕಮ್ಮನಂಥ ಹೆಂಡತಿ ಕೇಳಬಹುದು, ಶಾಲೆಗೆ ಹೋಗುವ ಮಗು ಕೇಳಬಹುದು, ಅಂಗಳ ಗುಡಿಸುವ ಮುದುಕಿ ಕೇಳಬಹುದು. ಕೇಳಿದವರ ಬಾಯಿ ಮುಚ್ಚಿಸುವವನು ತ್ವಷ್ಟೃವಿನಂತೆ ಕೆಡುತ್ತಾನೆ. ತಲೆಬಾಗಿ ಸುರಿದು ಬರುವವನು ಮಾರಯ್ಯನಂತೆ ಉಳಿಯುತ್ತಾನೆ.

ಈ ರಾತ್ರಿ ಮನೆಗೆ ಹೋಗಿ ಪೂಜೆಗೆ ಕುಳಿತಾಗ ನಿಮಗೆ ಬರುವ ವಚನವನ್ನು ಹೇಳಿರಿ. ಕೊನೆಯಲ್ಲಿ ಅಂಕಿತ ಬಂದಾಗ ಒಂದು ಗಳಿಗೆ ನಿಲ್ಲಿರಿ. ಅದು ರುಜುವೆಂದು ತಿಳಿಯಿರಿ. ಆಡಿದ ನುಡಿಯೇ ನಮಗೆ ಗುರುವಾಗಿ ದಾರಿ ತೋರುವಂತೆ ಪರಶಿವನು ನಿಮಗೂ ನಮಗೂ ಕರುಣಿಸಲೆಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.